ಕನ್ನಡಿಯಲ್ಲಿ ಕಾಣದ ಬಾಗಲೂರು

ಎಡಿನ್‌ಬರೋ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕಿ ಶಾನನ್ ವ್ಯಾಲರ್ ಅವರು 2024ರಲ್ಲಿ ಪ್ರಕಟವಾದ ‘ದಿ ಎಐ ಮಿರರ್’ ಎಂಬ ಗ್ರಂಥದಲ್ಲಿ ಕೃತಕ ಬುದ್ಧಿಮತ್ತೆಯನ್ನು ಕನ್ನಡಿಗೆ ಹೋಲಿಸಿದ್ದಾರೆ. ಕನ್ನಡಿಯೊಳಗೆ ಮುಖ ಕಂಡೀತೇ ಹೊರತು ಅಲ್ಲಿ ಮತ್ತೊಬ್ಬ ಮನುಷ್ಯನಿರುವುದಿಲ್ಲ. ಅಂತೆಯೇ ಈ ಯಂತ್ರವೂ ಮನುಷ್ಯರು ಹಿಂದೆ ಬರೆದಿಟ್ಟುದನ್ನು ಪ್ರತಿಫಲಿಸುತ್ತದೆಯೇ ವಿನಾ ತಾನಾಗಿ ಚಿಂತಿಸುವುದಿಲ್ಲ ಎಂಬುದು ಅವರ ವಾದ.

ಬರೆದಿಟ್ಟುದು! ಗಡಿನಾಡಿನವರಾದ ನಮಗೆ ಮುಳ್ಳಿನಂತೆ ನಾಟುವ ಮಾತಿದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರಿನೊಡನೆ ಮದರಾಸಿನ ಪಾಲಿಗೇ ಉಳಿದ ಬಾಗಲೂರಿನ ಕನ್ನಡವು ತೆಲುಗು ತಮಿಳುಗಳೊಡನೆ ಬೆರೆತು ಮನೆ, ಸಂತೆ, ಹೊಲಗಳಲ್ಲಿ ಆಡಿದ್ದೇ ಹೆಚ್ಚು, ಅಚ್ಚಾದದ್ದು ಅತ್ಯಲ್ಪ. ಕನ್ನಡಿಯ ಮುಂದೆ ನಿಲ್ಲದವನ ಮುಖ ಅದರಲ್ಲಿ ಮೂಡುವುದೆಂತು?

ವ್ಯಾಲರ್ ಅವರ ಇನ್ನೊಂದು ಎಚ್ಚರಿಕೆ ಉಪಾಧ್ಯಾಯರಿಗೆ ಮತ್ತಷ್ಟು ಹತ್ತಿರದ್ದು. ಅಭ್ಯಾಸ ಬಿಟ್ಟ ಕೈಗೆ ಕುಶಲತೆ ತಪ್ಪುವಂತೆ, ನಿರ್ಣಯವನ್ನು ಯಂತ್ರಕ್ಕೊಪ್ಪಿಸಿದವನಿಗೆ ಸರಿತಪ್ಪುಗಳ ವಿವೇಚನೆಯೂ ತಪ್ಪಿಹೋದೀತೆಂದು ಅವರು 2015ರಲ್ಲೇ ಬರೆದರು. ಕಳೆದ ವರ್ಷ ನಮ್ಮ ಶಾಲೆಯ ಬಾಲಕನೊಬ್ಬ ಅಜ್ಜಿಯನ್ನು ಕುರಿತ ಪ್ರಬಂಧವನ್ನು ಫೋನಿನಿಂದ ಬರೆಯಿಸಿ ತಂದ. ಭಾಷೆ ನಿರ್ದೋಷವಾಗಿತ್ತು, ಆದರೆ ಆ ಅಜ್ಜಿ ಯಾವ ಊರಿನವಳೂ ಆಗಿರಲಿಲ್ಲ. “ನಿಮ್ಮಜ್ಜಿ ನಿನ್ನನ್ನು ಏನೆಂದು ಕರೆಯುತ್ತಾರೋ?” ಎಂದೆ. ನಾಚುತ್ತ ಹೇಳಿದ. ಅದನ್ನೇ ಮೊದಲ ಸಾಲಾಗಿ ಬರೆಯಿಸಿದೆ.