ಯಂತ್ರ ನೋಡಿ ಕಲಿತ ಚರ್ಮ ಯಾರದು?

ಚರ್ಮದ ಕಾಯಿಲೆ ಹೊರಗೇ ಕಾಣುತ್ತದೆ, ಅದರ ಚಿತ್ರ ತೆಗೆಯಲು ಮೊಬೈಲ್ ಸಾಕು. ಕೃತಕ ಬುದ್ಧಿಮತ್ತೆಯ ಸಂಶೋಧಕರು ಈ ವಿಭಾಗದತ್ತ ಒಲಿದದ್ದು ಸಹಜವೇ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ದೊಡ್ಡ ಸುದ್ದಿಯಾಯಿತು. 1,29,450 ಚಿತ್ರಗಳಿಂದ ಕಲಿತ ಅವರ ಗಣಕ ವ್ಯವಸ್ಥೆ, ಚರ್ಮದ ಕ್ಯಾನ್ಸರ್ ಗುರುತಿಸುವ ಪರೀಕ್ಷೆಯಲ್ಲಿ 21 ಚರ್ಮತಜ್ಞರಿಗೆ ಸರಿಸಮನಾಗಿತ್ತು.

ಇಂಥ ವ್ಯವಸ್ಥೆಗೆ ರೋಗಲಕ್ಷಣಗಳ ಪಾಠವನ್ನು ಯಾರೂ ಹೇಳಿಕೊಡುವುದಿಲ್ಲ. ಚಿತ್ರದ ಒಂದೊಂದು ಚುಕ್ಕಿಯ ಬಣ್ಣವೂ ಅದಕ್ಕೆ ಬರೀ ಸಂಖ್ಯೆ. ಅದು ಊಹಿಸುತ್ತದೆ, ಊಹೆ ತಪ್ಪಾದರೆ ತನ್ನೊಳಗಿನ ಲೆಕ್ಕವನ್ನು ತುಸು ತಿದ್ದಿಕೊಳ್ಳುತ್ತದೆ, ಹೀಗೆ ಲಕ್ಷಾಂತರ ಸಲ. ಸರಿಯುತ್ತರಕ್ಕೆ ನೆರವಾಗುವ ಯಾವ ಸುಳಿವನ್ನೂ ಅದು ಬಿಡುವುದಿಲ್ಲ. ಅನುಮಾನ ಬಂದ ಗಂಟಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು ವೈದ್ಯರ ರೂಢಿ. ಪಟ್ಟಿಯಿದ್ದ ಚಿತ್ರಗಳನ್ನು ಕ್ಯಾನ್ಸರ್ ಎನ್ನುವ ಒಲವು ಯಂತ್ರಕ್ಕೆ ಅಂಟಿಕೊಂಡಿರುವುದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರೇ 2018ರಲ್ಲಿ ತಿಳಿಸಿದರು.

ಅಳತೆಪಟ್ಟಿಯನ್ನು ಚಿತ್ರದಿಂದ ಕತ್ತರಿಸಬಹುದು, ಮೈಬಣ್ಣವನ್ನಲ್ಲ. ಬಿಳಿ ಚರ್ಮದಲ್ಲಿ ಕೆಂಪಗೆ ಕಾಣುವ ಉರಿಯೂತ ನಮ್ಮ ಚರ್ಮದಲ್ಲಿ ಕಂದು, ನೇರಳೆ ಇಲ್ಲವೇ ಬೂದುಬಣ್ಣಕ್ಕೆ ತಿರುಗಿರುತ್ತದೆ. ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ಕಪ್ಪು ಚರ್ಮದವರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಆದರೆ ಸಂಶೋಧಕರು ತುಂಬ ಬಳಸುವ ಒಂದು ಸಂಗ್ರಹದ 10,015 ಚಿತ್ರಗಳು ಬಂದದ್ದು ಆಸ್ಟ್ರಿಯಾದ ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಇನ್ನೊಂದು ತಂಡ ಬೇರೆ ಬೇರೆ ಮೈಬಣ್ಣದ 656 ಚಿತ್ರಗಳನ್ನಿಟ್ಟು ಹೆಸರಾಂತ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಕಪ್ಪು ಚರ್ಮದ ಚಿತ್ರಗಳಲ್ಲಿ ಅವು ಹೆಚ್ಚು ಎಡವಿದವು. ಅದೇ ಬಗೆಯ ಚಿತ್ರಗಳನ್ನು ತೋರಿಸಿ ಮತ್ತೆ ಕಲಿಸಿದಾಗ ಬಿಳಿ-ಕಪ್ಪುಗಳ ನಡುವಿನ ಅಂತರ ಮುಚ್ಚಿಹೋಯಿತು!

ನನಗೆ ಈ ಪ್ರಯೋಗದ ಎರಡನೆಯ ಭಾಗವೇ ಮುಖ್ಯ. ಕೊರತೆ ಗಣಿತದಲ್ಲಿಲ್ಲ, ಚಿತ್ರಗಳಲ್ಲಿದೆ. ನಮ್ಮ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಿಗೆ ದಿನವೂ ಬರುವ ರೋಗಿಗಳ ಒಪ್ಪಿಗೆ ಪಡೆದು, ಗುರುತು ಮರೆಮಾಡಿ, ಇಂಥ ಸಂಗ್ರಹವನ್ನು ನಾವೇ ಕಟ್ಟಬೇಕು. ಹೊರಗಿನವರು ಮಾಡಿಕೊಡಲೆಂದು ಕಾಯುವುದು ತರವಲ್ಲ.

ಚಿತ್ರ ಎಷ್ಟೇ ಇದ್ದರೂ ಕ್ಯಾಮೆರಾಕ್ಕೆ ಸ್ಪರ್ಶವಿಲ್ಲ. ಬೆನ್ನ ಮೇಲಿನ ಮಾಸಲು ಮಚ್ಚೆ ಬರೀ ಸಿಬ್ಬು ಇರಬಹುದು, ಕುಷ್ಠವೂ ಇರಬಹುದು. ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದಾಗ ಅಲ್ಲಿ ಸ್ಪರ್ಶ ತಿಳಿಯದಿದ್ದರೆ ವೈದ್ಯರು ಕುಷ್ಠವನ್ನು ಶಂಕಿಸುತ್ತಾರೆ. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಜಗತ್ತಿನ ಹೊಸ ಕುಷ್ಠ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಭಾರತದವು. ಬೇಗ ಗೊತ್ತಾದರೆ 6 ಅಥವಾ 12 ತಿಂಗಳ ಔಷಧದಲ್ಲಿ ವಾಸಿಯಾಗುತ್ತದೆ. ತಡವಾದರೆ ಬೆರಳುಗಳು ಮಡಚಿಕೊಳ್ಳುತ್ತವೆ.

ಗಜಕರ್ಣದ ಕಥೆಯೂ ಹೀಗೇ ತೊಡಕಿನದು. ಔಷಧ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಗುರುತು ಹಿಡಿಸುವ ಉಂಗುರದ ಅಂಚು ಅಳಿಸಿಹೋಗುತ್ತದೆ. ಫೋಟೊ ಸ್ಪಷ್ಟವಾಗಿದ್ದೂ ದಾರಿ ತಪ್ಪಿಸುತ್ತದೆ. ಹಳ್ಳಿಯ ಆಶಾ ಕಾರ್ಯಕರ್ತೆಯ ಮೊಬೈಲಿಗೆ ಇಂಥ ಆ್ಯಪ್ ಬರುವುದಾದರೆ, ಚಿತ್ರ ತೆಗೆಯುವ ಮುನ್ನ ಅದು ಕನ್ನಡದಲ್ಲಿ ಎರಡು ಪ್ರಶ್ನೆ ಕೇಳುವಂತಿರಬೇಕು: ಏನು ಹಚ್ಚಿದ್ದೀರಿ? ಮುಟ್ಟಿದರೆ ಗೊತ್ತಾಗುತ್ತದೆಯೇ?