ಗಂಟಿನಲ್ಲಿರೋ ಬಟ್ಟೆ, ಅರ್ಧಕ್ಕೆ ನಿಂತ ಕೌದಿ

ಬೀದರ್, ಭಾಲ್ಕಿ, ಔರಾದ್ ಕಡೆಯ ಹಳೆ ಮನೆಗಳಲ್ಲಿ ಹುಡುಕಿದರೆ ಎರಡು ವಸ್ತು ಸಿಗುತ್ತವೆ. ಒಂದು, ಸಂದೂಕದ ಹಿಂದೆಯೋ ಅಟ್ಟದ ಮೇಲೋ ಇರುವ ಹಳೆ ಬಟ್ಟೆಯ ಗಂಟು. ಇನ್ನೊಂದು, ಅದರ ಪಕ್ಕದಲ್ಲೇ ಮಡಚಿಟ್ಟ, ಸೂಜಿ ಇನ್ನೂ ಚುಚ್ಚಿಕೊಂಡೇ ಇರುವ ಅರ್ಧ ಕೌದಿ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಈ ಎರಡರ ಮೇಲೆ ಒಂದು ಜಗಳ ಗ್ಯಾರಂಟಿ. "ಇದನ್ನ ಬಿಸಾಕೋಣೇನು?" ಅಂತ ಒಬ್ಬರು. "ಕೈ ಹಚ್ಚಬ್ಯಾಡ, ಅದಕ್ಕ ಕೆಲಸ ಅದ" ಅಂತ ಇನ್ನೊಬ್ಬರು.

ಎರಡನೆಯವರ ಮಾತಿನಲ್ಲಿ ಲೆಕ್ಕ ಇದೆ. ಹೊಲಿಯುವವರಿಗೆ ಗಂಟು ಅಂದ್ರೆ ಸ್ಟೋರ್ ರೂಮು, ಅರ್ಧ ಕೌದಿ ಅಂದ್ರೆ ನಡೀತಿರೋ ಪ್ರಾಜೆಕ್ಟು. ಆ ಲೆಕ್ಕ ಹೇಗೆ ಕೆಲಸ ಮಾಡುತ್ತೆ, ಈಗ ಅದು ಎಲ್ಲಿ ಕೆಡ್ತಾ ಇದೆ ಅನ್ನೋದನ್ನ ನೋಡೋಣ.

ಕೌದಿ ಅಂದ್ರೆ ಏನು?

ಹಾಸ್ಟೆಲ್‌ನಲ್ಲಿರೋ ಮೈಸೂರು, ಮಂಗಳೂರು ಕಡೆಯ ಗೆಳೆಯರಿಗಾಗಿ ಹೇಳ್ತೀನಿ. ಹಳೆ ಸೀರೆ, ಧೋತರ, ಲುಂಗಿಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದ ಸಾಲು ಸಾಲಾಗಿ ಹೊಲಿದು ಮಾಡುವ ಹಾಸಿಗೆ-ಹೊದಿಕೆಯೇ ಕೌದಿ. ನಮ್ಮದು ಗಡಿ ಜಿಲ್ಲೆ ಆದ್ದರಿಂದ ಇದೇ ವಸ್ತುವಿಗೆ ಸುತ್ತ ನಾಲ್ಕು ಹೆಸರು. ಮರಾಠಿಯವರು ಗೋಧಡಿ ಅಂತಾರೆ, ತೆಲುಗಿನವರು ಬೊಂತ ಅಂತಾರೆ, ಉರ್ದು ಮಾತಾಡೋ ಮನೆಗಳಲ್ಲಿ ಗುದಡಿ ಅಂತಾರೆ, ನಾವು ಕೌದಿ ಅಂತೀವಿ.

ಇದರಲ್ಲಿ ಮೂರು ಭಾಗ. ಮೇಲಿನ ಪದರ, ಕಣ್ಣಿಗೆ ಕಾಣೋದು. ಕೆಳಗಿನ ಪದರ, ಅಂದರೆ ಅಸ್ತರ. ನಡುವೆ ಹಾಸಿರುವ ಹಳೆ ಬಟ್ಟೆಯ ತುಂಡುಗಳು. ನಿಜವಾಗಿ ಬೆಚ್ಚಗಿಡೋದು ಪದರಗಳ ನಡುವೆ ಸಿಕ್ಕಿಹಾಕಿಕೊಂಡ ಗಾಳಿ. ಅಲುಗಾಡದ ಗಾಳಿಯ ಥರ್ಮಲ್ ಕಂಡಕ್ಟಿವಿಟಿ ಸುಮಾರು 0.026 ವ್ಯಾಟ್ ಪರ್ ಮೀಟರ್ ಕೆಲ್ವಿನ್. ನೀರಿನದು ಸುಮಾರು 0.6, ಅಂದರೆ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಒದ್ದೆ ಕೌದಿ ಹೊದ್ದರೆ ಚಳಿ ಇನ್ನೂ ಜಾಸ್ತಿ ಆಗೋದು ಇದಕ್ಕೇ. ಚಳಿಗಾಲದಲ್ಲಿ ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ದಾಖಲಾಗುವ ಊರುಗಳ ಪಟ್ಟಿಯಲ್ಲಿ ಬೀದರ್ ಹೆಸರು ಬರ್ತಾನೇ ಇರುತ್ತೆ. ಹಾಗಾಗಿ ಇಲ್ಲಿ ಕೌದಿ ಶೋಕಿಗೆ ಮಾಡಿದ್ದಲ್ಲ.

ಹೊಲಿಗೆಯ ಕೆಲಸ ಏನು? ಒಳಗಿನ ತುಂಡುಗಳು ಜಾರದಂತೆ ಹಿಡಿಯೋದು. ಹೊಲಿಗೆ ದೂರ ದೂರ ಇದ್ದರೆ, ಎರಡು ಸಲ ಒಗೆಯೋದರಲ್ಲಿ ಒಳಗಿನದೆಲ್ಲ ಒಂದು ಮೂಲೆಗೆ ಮುದ್ದೆಯಾಗಿ ಕೂರುತ್ತೆ. ಹತ್ತಿರ ಹತ್ತಿರ ಸಾಲುಗಳಿದ್ದರೆ ಎಳೆತ ಎಲ್ಲ ಹೊಲಿಗೆಗಳಿಗೂ ಹಂಚಿಹೋಗುತ್ತೆ, ಒಂದು ದಾರ ಹರಿದರೂ ಪೂರ್ತಿ ಬಿಚ್ಚಿಕೊಳ್ಳಲ್ಲ.

ಗಂಟಿನ ಒಳಗಿನ ವ್ಯವಸ್ಥೆ

ಗಂಟಿಗೆ ಸಿಕ್ಕಿದ್ದನ್ನೆಲ್ಲ ಹಾಕಲ್ಲ. ಅಂಚು ಗಟ್ಟಿ ಇರೋ ಸೀರೆ ಮೇಲಿನ ಪದರಕ್ಕೆ ಅಂತ ಬೇರೆ. ಮೆತ್ತಗಾದ ಧೋತರ ಒಳಗೆ ಹಾಕೋಕೆ ಬೇರೆ. ತೀರಾ ಜೀರ್ಣವಾದದ್ದು ನೆಲ ಒರೆಸೋಕೆ ಹೋಗುತ್ತೆ, ಗಂಟಿಗೆ ಬರೋದಿಲ್ಲ. ಬಣ್ಣ ಬಿಡೋ ಬಟ್ಟೆಯನ್ನು ಮೊದಲು ಒಗೆದು ಒಣಗಿಸಿಯೇ ಕಟ್ಟಿಡಬೇಕು. ಇಲ್ಲಾಂದ್ರೆ ಮೊದಲ ಒಗೆತಕ್ಕೆ ಪಕ್ಕದ ಬಿಳಿ ತುಂಡು ಗುಲಾಬಿ ಆಗುತ್ತೆ.

ಹೊಸ ಬಟ್ಟೆಗಿಂತ ಹಳೆಯದೇ ಯಾಕೆ? ದುಡ್ಡು ಉಳಿಯೋದು ಒಂದು ಕಾರಣ. ಇನ್ನೊಂದು, ಹತ್ತಾರು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿ ಹೋಗಿರುತ್ತೆ, ಕುಗ್ಗೋದೆಲ್ಲ ಮೊದಲೇ ಕುಗ್ಗಿ ಮುಗಿದಿರುತ್ತೆ, ನೂಲು ಮೆತ್ತಗಾಗಿರುತ್ತೆ. ನಾಲ್ಕೈದು ಪದರ ಇದ್ದರೂ ಸೂಜಿ ಸಲೀಸಾಗಿ ದಾಟುತ್ತೆ.

ಗಂಟಿನಿಂದ ಬಟ್ಟೆ ಕೌದಿಗೆ ಹೋಗುತ್ತೆ. ಆ ಕೌದಿ ಹರಿದಾಗ ಅದನ್ನು ಎಸೆಯೋ ಬದಲು ಅದರ ಮೇಲೆ ಹೊಸ ಪದರ ಹಾಕಿ ಮತ್ತೆ ಹೊಲಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಒಂದು ಕೌದಿಯ ಹೊಟ್ಟೆಯಲ್ಲಿ ಇನ್ನೊಂದು ಹಳೆ ಕೌದಿ ಇದೆ.

ಅರ್ಧಕ್ಕೆ ಯಾಕೆ ನಿಲ್ಲುತ್ತೆ?

ಒಂದು ಸಣ್ಣ ಲೆಕ್ಕ ಮಾಡಿ. 6 ಅಡಿ ಉದ್ದ, 4 ಅಡಿ ಅಗಲದ ಕೌದಿ ಅಂದುಕೊಳ್ಳಿ. ಒಂದೊಂದು ಇಂಚಿಗೆ ಒಂದು ಸಾಲು ಅಂದ್ರೆ 48 ಸಾಲು. ಒಟ್ಟು ಉದ್ದ 288 ಅಡಿ, ಅಂದರೆ ಹತ್ತಿರ ಹತ್ತಿರ 88 ಮೀಟರ್. ಇಂಚಿಗೆ 3 ಹೊಲಿಗೆ ಹಿಡಿದರೆ 10,368 ಹೊಲಿಗೆ. ನಿಮಿಷಕ್ಕೆ 15 ಹಾಕಿದರೂ ಕೈ ನಿಲ್ಲಿಸದೆ 11 ಗಂಟೆ ಮೇಲೆ ಬೇಕು. ಬಟ್ಟೆ ಕತ್ತರಿಸೋದು, ಪದರ ಜೋಡಿಸೋದು, ಕಚ್ಚಾ ಹೊಲಿಗೆ ಹಾಕೋದು, ಸೂಜಿಗೆ ಮತ್ತೆ ಮತ್ತೆ ದಾರ ಪೋಣಿಸೋದು ಈ ಲೆಕ್ಕದಲ್ಲಿ ಬಂದಿಲ್ಲ. ಅಡುಗೆ, ನೀರು, ಎಮ್ಮೆ, ಮಕ್ಕಳು ಇರೋ ಮನೆಯಲ್ಲಿ ದಿನಕ್ಕೆ ಅರ್ಧ ತಾಸು ಸಿಕ್ಕರೆ ದೊಡ್ಡದು.

ಎರಡನೇ ಕಾರಣ ಹೊಲ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಸ್ವಲ್ಪ ಬಿಡುವು. ಕೌದಿ ಹಾಸೋಕೆ ಒಣ ಅಂಗಳವೂ ಆಗಲೇ ಸಿಗೋದು. ಜೂನ್‌ನಲ್ಲಿ ಮಿರಗ ಮಳೆ ಬಿದ್ದರೆ ತೊಗರಿ, ಉದ್ದು, ಸೋಯಾ ಬಿತ್ತನೆ ಶುರು. ಸೂಜಿ ಎಲ್ಲಿದೆಯೋ ಅಲ್ಲೇ ಚುಚ್ಚಿ ಮಡಚಿಡಬೇಕು. ಮುಂದಿನ ಬಿಡುವು ಬಂದಾಗ ಅದೇ ಸಾಲಿನಿಂದ ಮುಂದುವರಿಸಬೇಕು.

ಮೂರನೇ ಕಾರಣ ಹೊರಗಿನವರಿಗೆ ತಿಳಿಯೋದೇ ಇಲ್ಲ. ಬೇಕಾದ ಬಟ್ಟೆ ಇನ್ನೂ ಗಂಟಿಗೆ ಬಂದಿರೋದಿಲ್ಲ. ಇದನ್ನ ಮುಂದೆ ಹೇಳ್ತೀನಿ.

ಬೇರೆ ಕಡೆ ಏನು ಕಥೆ?

ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರು ತಮ್ಮ ಬಟ್ಟೆ ಸಂಗ್ರಹಕ್ಕೆ ಸ್ಟ್ಯಾಶ್ ಅಂತಾರೆ. ಮುಗಿಯದ ಕೆಲಸಕ್ಕೆ ಯುಎಫ್ಒ. ಹಾರುವ ತಟ್ಟೆ ಅಂದುಕೊಳ್ಳಬೇಡಿ, ಅನ್‌ಫಿನಿಶ್ಡ್ ಆಬ್ಜೆಕ್ಟ್ ಅಂತ ಅರ್ಥ. ಸೇಬಲ್ ಅಂತ ಇನ್ನೊಂದು ಜೋಕ್ ಇದೆ. ಉಳಿದ ಆಯುಷ್ಯದಲ್ಲಿ ಹೊಲಿದು ಮುಗಿಸಲಾಗದಷ್ಟು ಬಟ್ಟೆ ಕೂಡಿಹಾಕಿದವರ ಸ್ಟ್ಯಾಶ್‌ಗೆ ಆ ಹೆಸರು. ಅಲ್ಲಿ ಅಂಗಡಿಯಿಂದ ಹೊಸ ಹತ್ತಿ ಬಟ್ಟೆ ತಂದು ಕೂಡಿಡೋದು ಹೆಚ್ಚು. ನಮ್ಮ ಗಂಟಿಗೆ ಬಟ್ಟೆ ಬರೋದು ಮನೆಯವರ ಮೈಮೇಲಿಂದ.

ಅಲ್ಲೂ ಹಳೆ ಬಟ್ಟೆಯ ಪರಂಪರೆ ಇಲ್ಲದಿಲ್ಲ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಅನ್ನೋ ಊರಿನ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸಕ್ಕೆ ಹಾಕಿ ಸವೆದ ಬಟ್ಟೆಗಳಿಂದಲೇ ಕ್ವಿಲ್ಟ್ ಮಾಡುತ್ತಿದ್ದರು. 2002ರಲ್ಲಿ ಅವುಗಳ ಪ್ರದರ್ಶನ ಹ್ಯೂಸ್ಟನ್‌ನ ಮ್ಯೂಸಿಯಂನಲ್ಲಿ ನಡೆಯಿತು. 2006ರಲ್ಲಿ ಅಂಚೆ ಚೀಟಿಗಳ ಮೇಲೂ ಬಂದವು.

ನಮ್ಮ ರಾಜ್ಯದಲ್ಲೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮಾಡುವ ಕವಂದ್ ಇದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಅದನ್ನು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರ್ತಾರೆ. ಹಾಗಾಗಿ ಕೆಲಸ ಎಷ್ಟು ಉಳಿದಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ನಡುವಿನ ಖಾಲಿ ಜಾಗವೇ ಬಾಕಿ ಕೆಲಸ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಹೂವು ಇಡಬೇಕು, ಅದಕ್ಕೆ ಫುಲ ಅಂತಾರೆ. ಅದಿಲ್ಲದಿದ್ದರೆ ಕವಂದ್ ಪೂರ್ತಿ ಆದ ಹಾಗಲ್ಲ.

ಈಗ ಎಲ್ಲಿ ಕೆಡ್ತಾ ಇದೆ?

ಮೊದಲನೆಯದು ಬಟ್ಟೆ. ದಿನ ಉಡೋ ಸೀರೆ ಈಗ ಹೆಚ್ಚಾಗಿ ಪಾಲಿಯೆಸ್ಟರ್. ಸಾಮಾನ್ಯ ವಾತಾವರಣದಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹಿಡಿದುಕೊಳ್ಳುತ್ತೆ, ಪಾಲಿಯೆಸ್ಟರ್ ಸುಮಾರು 0.4 ಪರ್ಸೆಂಟ್ ಮಾತ್ರ. ಬೆವರು ಹೀರಲ್ಲ, ಮೈಗೆ ಅಂಟುತ್ತೆ, ಹೊಲಿಯುವಾಗ ಪದರಗಳು ಜಾರುತ್ತವೆ. ಗಂಟು ದೊಡ್ಡದಾಗ್ತಾ ಇದೆ, ಅದರಲ್ಲಿ ಕೌದಿಗೆ ಆಗೋ ಬಟ್ಟೆ ಕಡಿಮೆ ಆಗ್ತಾ ಇದೆ.

ಎರಡನೆಯದು ಇನ್ನೂ ಗಂಭೀರ. ಕೌದಿಯ ಪ್ಲಾನ್ ಎಲ್ಲೂ ಬರೆದಿರೋದಿಲ್ಲ, ಹೊಲಿಯುವವರ ತಲೆಯಲ್ಲಿರುತ್ತೆ. ಸೀನಿಯರ್ ಬಿಟ್ಟುಹೋದ, ಒಂದು ಕಾಮೆಂಟೂ ಇಲ್ಲದ ಕೋಡ್ ತೆರೆದವರಿಗೆ ಈ ಕಷ್ಟ ಗೊತ್ತು. ಎಲ್ಲ ಕಣ್ಣ ಮುಂದೆ ಇರುತ್ತೆ, ಯಾಕೆ ಹಾಗಿದೆ ಅಂತ ಮಾತ್ರ ಗೊತ್ತಾಗಲ್ಲ.

ಔರಾದ್ ತಾಲೂಕಿನ ನಮ್ಮ ಊರಿನಲ್ಲಿ ನಮ್ಮ ಆಯಿಯ ಒಂದು ಕೌದಿ ಎರಡು ವರ್ಷದಿಂದ ನಿಂತಿದೆ. ಒಂದು ಮೂಲೆಯಲ್ಲಿ ಅಂಗೈ ಎರಡರಷ್ಟು ಜಾಗ ಖಾಲಿ. ಕಣ್ಣು ಕಾಣದೆ ಬಿಟ್ಟಿದ್ದಾಳೆ ಅಂತ ಮನೆಯವರೆಲ್ಲ ಅಂದುಕೊಂಡಿದ್ವಿ. ಚಿಕ್ಕಮ್ಮ ಒಂದು ತುಂಡು ಹಚ್ಚಿ ಮುಗಿಸಿಬಿಡ್ತೀನಿ ಅಂದಾಗ ಆಯಿ ಕೌದಿ ಎಳಕೊಂಡಳು. "ಅದು ನಿಮ್ಮ ಅಕ್ಕನ ಜಾಗ. ಆಕಿ ಸೀರಿ ಇನ್ನಾ ಬಂದಿಲ್ಲ" ಅಂದಳು. ಆಮೇಲೆ ಒಂದೊಂದೇ ತೋರಿಸಿದಳು. ನಡುವೆ ಮುತ್ಯಾನ ಧೋತರ, ಅದರ ಸುತ್ತ ಮನೆಗೆ ಬಂದ ಸೊಸೆಯರ ಸೀರೆ, ಅಂಚಿಗೆ ಮನೆಯಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳದು. ಅಕ್ಕನ ಮದುವೆ ಆದಮೇಲೆ ಆ ಮೂಲೆಯ ಬಟ್ಟೆಗೆ ಆಯಿ ಕಾಯ್ತಾ ಇದ್ದಳು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅವತ್ತು ಚಿಕ್ಕಮ್ಮನ ತುಂಡು ಬಿದ್ದಿದ್ದರೆ ಕೌದಿ ಮುಗೀತಿತ್ತು, ಆ ಲೆಕ್ಕ ಯಾರಿಗೂ ಗೊತ್ತಾಗದೆ ಹೋಗ್ತಿತ್ತು.

ಕಣ್ಣಿನ ತೊಂದರೆಗೆ ದಾರಿ ಸುಲಭವಾಗಿತ್ತು. "ಹೊಲಿಯಾಕ ಕೈ ಅದಾವ ತಮ್ಮಾ, ಸೂಜ್ಯಾಗ ದಾರ ಹೋಗವಲ್ದು" ಅಂದಳು. ಈಗ ಊರಿಗೆ ಹೋದಾಗಲೆಲ್ಲ ಬೀದರ್ ಬಸ್ ಹತ್ತೋಕೆ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ, ಒಂದು ಬಟ್ಟೆಗೆ ಚುಚ್ಚಿಟ್ಟು ಬರ್ತೀನಿ.

ಏನು ಕೇಳಬೇಕು?

ನಿಮ್ಮ ಮನೆಯಲ್ಲೂ ಅರ್ಧ ಕೌದಿ ಇದ್ದರೆ, ಅದನ್ನು ಮುಗಿಸೋಕೆ ಹೊರಡೋ ಮುಂಚೆ ಹೊಲಿದವರನ್ನು ಐದು ಪ್ರಶ್ನೆ ಕೇಳಿ:

1. ಇದು ಯಾರಿಗೆ?
2. ಯಾವ ತುಂಡು ಯಾರ ಬಟ್ಟೆ? ಫೋಟೋ ತೆಗೆದು ಅದರ ಮೇಲೆ ಹೆಸರು ಬರೆದುಕೊಳ್ಳಿ.
3. ಎಲ್ಲಿಂದ ಶುರುವಾಯ್ತು, ಮುಂದಿನ ಸಾಲು ಯಾವ ಕಡೆಗೆ ಹೋಗಬೇಕು?
4. ದಾರ ಯಾವುದು, ಎಷ್ಟು ಎಳೆ?
5. ಯಾಕೆ ನಿಂತಿದೆ? ಟೈಮ್ ಇಲ್ಲವಾ, ಕಣ್ಣಾ, ಬಟ್ಟೆ ಬರಬೇಕಾ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಕೌದಿಗೇ ಪಿನ್ ಹಾಕಿ ಇಡಿ. ಫೋನ್ ಬದಲಾದರೂ ಆ ಹಾಳೆ ಅಲ್ಲೇ ಇರುತ್ತೆ. ಗಂಟಿನಿಂದ ಪಾಲಿಯೆಸ್ಟರನ್ನು ಬೇರೆ ಮಾಡಿಕೊಡಿ. ಐದನೇ ಪ್ರಶ್ನೆಗೆ "ಬಟ್ಟೆ ಬರಬೇಕು" ಅನ್ನೋ ಉತ್ತರ ಸಿಕ್ಕರೆ, ಆ ಬಟ್ಟೆ ತರಿಸೋ ಕೆಲಸ ನಿಮ್ಮದು. ನಮ್ಮ ಅಕ್ಕ ಭಾಲ್ಕಿಯಿಂದ ಒಂದು ಹಳೆ ಕಾಟನ್ ಸೀರೆ ಕೊಟ್ಟು ಕಳಿಸಿದ್ದಾಳೆ, ಸದ್ಯಕ್ಕೆ ಅದು ನನ್ನ ಬ್ಯಾಗಿನಲ್ಲಿದೆ. ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋಗೋರು ಮಿರಗಕ್ಕಿಂತ ಮುಂಚೆಯೇ ಕೂತು ಕೇಳಿ. ಆಮೇಲೆ ಹೊಲದ ಕೆಲಸದಲ್ಲಿ ಯಾರ ಕೈಯೂ ಖಾಲಿ ಇರಲ್ಲ.