ಮನೆಯಲ್ಲಿ ಕಟ್ಟಿದ ಜಾಲತಾಣ ನಾಲ್ಕು ಜನರ ಮುಂದೆ ಬರಬೇಕಾದರೆ

ಈಗಿನ ಹೆಣ್ಣುಮಕ್ಕಳು ಕಂಪ್ಯೂಟರ್ ಕಲಿತು ಮನೆಯಲ್ಲೇ ಜಾಲತಾಣ ಕಟ್ಟುತ್ತಾರೆ. ರೊಟ್ಟಿ, ಚಟ್ನಿಪುಡಿ ಮಾರುವವರಿಗೆ, ಸೀರೆ ನೇಯುವವರಿಗೆ ಇದರಿಂದ ದೂರದ ಗಿರಾಕಿಗಳು ಸಿಗುತ್ತಾರೆ. ಆದರೆ ಕಟ್ಟಿದ್ದು ಅವರ ಲ್ಯಾಪ್‌ಟಾಪಿನಲ್ಲೇ ಉಳಿದರೆ, ಹೋಳಿಗೆ ಮಾಡಿ ನೆಲುವಿನ ಮೇಲೆ ಇಟ್ಟ ಹಾಗೆ. ಅದನ್ನು ಎಲ್ಲರಿಗೂ ಬಡಿಸಬೇಕಾದರೆ ‘ಹೋಸ್ಟಿಂಗ್’ ಬೇಕು.

ಮನೆಯೊಳಗಿನ ಕೆಲಸ ಹೊರಗೆ ಬಂದರೆ ಎಷ್ಟು ಉಪಯೋಗ ಎಂಬುದಕ್ಕೆ ‘ಅಲರ್’ ನಿಘಂಟು ಸಾಕ್ಷಿ. ವಿ. ಕೃಷ್ಣ ಅವರು ಹಲವು ದಶಕ ದುಡಿದು 1,50,000ಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದರು. ಕೈಲಾಶ್ ನಾಧ್ ಅವರು ತಾವೇ ಬರೆದ ಸಾಫ್ಟ್‌ವೇರಿನಲ್ಲಿ ಅದನ್ನು 2019ರಲ್ಲಿ ಜಾಲಕ್ಕೆ ಏರಿಸಿದರು. ಈಗ ಯಾರಾದರೂ ಕಾಸು ಕೊಡದೆ ನೋಡಬಹುದು.

ಸರ್ವರ್ ಯಾಕೆ ಬೇಕು?

ರಾಮಥಾಳದಲ್ಲಿ ನನ್ನ ತಂಗಿಯ ಮಗಳು ರೊಟ್ಟಿ ಆರ್ಡರ್ ಬರೆದಿಡುವ ತಾಣ ಕಟ್ಟಿದಾಗ, “ಎಲ್ಲಾ ಆತಲ್ಲವಾ, ಇನ್ನೇನು ಉಳೀತು?” ಎಂದೆ. “ಆತು ದೊಡ್ಡವ್ವ, ಆದರ ನನ್ನ ಕಂಪ್ಯೂಟರ್ ಬಂದ್ ಮಾಡಿದರ ಅಂಗಡೀನೂ ಬಂದ್” ಎಂದಳು. ಕರೆಂಟು ಹೋದರೂ ಅದೇ ಗತಿ.

ಹಗಲೂ ರಾತ್ರಿ ಆರದೆ ನಡೆಯುವ ಕಂಪ್ಯೂಟರೇ ಸರ್ವರ್. ಜಿನೀವಾ ಹತ್ತಿರದ ಸೆರ್ನ್ ಸಂಸ್ಥೆಯಲ್ಲಿ ಜಗತ್ತಿನ ಮೊದಲ ಜಾಲತಾಣ ನಡೆಸಿದ ಟಿಮ್ ಬರ್ನರ್ಸ್-ಲೀ, ಯಾರೂ ಆರಿಸಬಾರದೆಂದು ತಮ್ಮ ಯಂತ್ರಕ್ಕೆ ಕೆಂಪು ಶಾಯಿಯ ಚೀಟಿ ಅಂಟಿಸಿದ್ದರು! ನಮಗೆ ಆ ಕಾವಲು ಬೇಡ. ಇಂಥ ಯಂತ್ರದಲ್ಲಿ ಜಾಗವನ್ನು ತಿಂಗಳಿಗೋ ವರ್ಷಕ್ಕೋ ಬಾಡಿಗೆಗೆ ಕೊಡುವ ಕಂಪನಿಗಳಿವೆ. ತಾಣದ ಹೆಸರನ್ನು, ಅಂದರೆ ‘ಡೊಮೇನ್’ ಅನ್ನು, ಬೇರೆಯಾಗಿ ನೋಂದಾಯಿಸಬೇಕು. ಆ ಹೆಸರು ಈ ಜಾಗವನ್ನೇ ತೋರಿಸುವಂತೆ ಹೊಂದಿಸಿದರೆ, ಎಲ್ಲೆಡೆ ಕಾಣಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ.

ತೊಡಕು ಎಲ್ಲಿ?

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ತೋಪಿ ತೆನಿ ಎನ್ನುವುದು. ಜಾಲತಾಣದಲ್ಲೂ ಪುಟಗಳು ಬೇರೆ, ಆರ್ಡರು-ಲೆಕ್ಕ ಬರೆದಿಡುವ ಡೇಟಾಬೇಸ್ ಬೇರೆ. ಎರಡನ್ನೂ ಸರ್ವರಿಗೆ ಸಾಗಿಸಿ ಅಲ್ಲಿ ಹೊಸದಾಗಿ ಕೂಡಿಸಬೇಕು. ಮನೆಯ ಕಂಪ್ಯೂಟರಿನ ಡೇಟಾಬೇಸ್ ಹೆಸರು, ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ.

ಇನ್ನು ಚಿತ್ರಗಳ ಸಂಗತಿ. ಮನೆಯ ವಿಂಡೋಸ್ ಕಂಪ್ಯೂಟರು ಫೈಲಿನ ಹೆಸರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರವೆಂದು ಭೇದ ಮಾಡುವುದಿಲ್ಲ. ಲಿನಕ್ಸ್ ಸರ್ವರ್ ಮಾಡುತ್ತದೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ಚಿತ್ರ ಮಾಯ! ಡೇಟಾಬೇಸಿನಲ್ಲಿ ಯೂನಿಕೋಡ್ ಹೊಂದಿಸದಿದ್ದರೆ ‘ರೊಟ್ಟಿ’ ಎಂದು ಬರೆದ ಕಡೆ ಬರೀ ಪ್ರಶ್ನೆಚಿಹ್ನೆ ಕಾಣಬಹುದು. ಇದನ್ನು ಕನ್ನಡದವರು ಮೊದಲೇ ನೋಡಿಕೊಳ್ಳಬೇಕು.

ಗಿರಾಕಿಗಳ ವಿಳಾಸ, ಫೋನ್ ನಂಬರು ನಮ್ಮ ಕೈಯಲ್ಲಿರುತ್ತವೆ. ದಾರಿಯಲ್ಲಿ ಯಾರೂ ಓದದಂತೆ ಬೀಗದ ಗುರುತಿನ ಭದ್ರತೆ ಬೇಕು. 2016ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ವ್ಯವಸ್ಥೆ ಇದರ ಪ್ರಮಾಣಪತ್ರವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ.

ಯಜಮಾನಿಕೆ ಯಾರದು?

ಎಲ್ಲಕ್ಕಿಂತ ದೊಡ್ಡ ಮಾತು ಇದು. ಕಟ್ಟಿಕೊಟ್ಟವರೋ ಪರಿಚಯದವರೋ ಹೆಸರನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿದರೆ, ಮನಸ್ತಾಪ ಬಂದ ದಿನ ಅಂಗಡಿಯ ಬೋರ್ಡೇ ಅವರ ಪಾಲು. ವರ್ಷಗಟ್ಟಲೆ ಗಳಿಸಿದ ಹೆಸರು ಕೈಬಿಡುತ್ತದೆ. ಹೊಲದ ಪಹಣಿಯಲ್ಲಿ ನಮ್ಮ ಹೆಸರಿದೆಯೇ ಎಂದು ನೋಡುವ ಹಾಗೆ ಇದನ್ನೂ ನೋಡಬೇಕು.

ನೆನಪಿಡಿ:

1. ಡೊಮೇನ್, ಹೋಸ್ಟಿಂಗ್ ಎರಡೂ ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಫೋನಿನಲ್ಲೇ ಇರಲಿ.
2. ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ವರ್ಷದ ಬಾಡಿಗೆ ಕಡಿಮೆ ಇದ್ದು, ಮುಂದೆ ಏರಬಹುದು.
3. ತಪ್ಪುಗಳ ವಿವರ ತೋರಿಸುವ ‘ಡೀಬಗ್’ ವ್ಯವಸ್ಥೆಯನ್ನು ಜಾಲಕ್ಕೆ ಏರಿಸುವ ಮುನ್ನ ನಿಲ್ಲಿಸಿ. ಒಳಗಿನ ಗುಟ್ಟು ಹೊರಗಿನವರಿಗೆ ಕಾಣಬಾರದು.
4. ವಾರಕ್ಕೊಮ್ಮೆ ಡೇಟಾಬೇಸಿನ ಪ್ರತಿ ತೆಗೆದು ಬೇರೆ ಕಡೆ ಇಡಿ.
5. ಮೊದಲು ನಾಲ್ಕು ಮನೆಯವರಿಂದ ಅವರವರ ಮೊಬೈಲಿನಲ್ಲಿ ಆರ್ಡರ್ ಹಾಕಿಸಿ ನೋಡಿ. ಆಮೇಲೆ ಊರಿಗೆಲ್ಲಾ ತಿಳಿಸಿ.

ಇಷ್ಟು ನೋಡಿಕೊಂಡರೆ ಮಗಳು ಕಟ್ಟಿದ ಅಂಗಡಿಯ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇರುತ್ತದೆ.